ಸೇಬಿನ ಲೋಡಿಗೆ ಕಾಶ್ಮೀರಕ್ಕೆ: ಶರತ್ಕಾಲದಲ್ಲಿ ದಾರಿ ಹೇಗಿರುತ್ತದೆ?

ಹೊಸ ಸ್ಟೀರಿಂಗ್ (ದಾವಣಗೆರೆ) ಕೇಳಿದ ಪ್ರಶ್ನೆ

ಭಾರಿ ವಾಹನದ ಲೈಸೆನ್ಸ್ ಸಿಕ್ಕ ಮೇಲೆ ಬೆಂಗಳೂರು, ಹುಬ್ಬಳ್ಳಿ, ಪುಣೆ ಬಿಟ್ಟು ಆಚೆ ಹೋದವನಲ್ಲ ನಾನು. ಈ ಸಲ ಮಾಲೀಕರು ಸೇಬಿನ ಹಂಗಾಮಿಗೆ ಗಾಡಿಯನ್ನು ಕಾಶ್ಮೀರಕ್ಕೆ ಕಳುಹಿಸುತ್ತೇನೆ ಎನ್ನುತ್ತಿದ್ದಾರೆ. ಹನ್ನೆರಡು ಚಕ್ರದ ಗಾಡಿ, ಜೊತೆಗೆ ಒಬ್ಬ ಹಿರಿಯ ಚಾಲಕರು. ಹೋಗುವಾಗ ದೆಹಲಿಗೆ ಮಾಲು, ಅಲ್ಲಿಂದ ಸಿಕ್ಕಿದ್ದನ್ನು ಹೇರಿಕೊಂಡು ಅಥವಾ ಖಾಲಿಯಾಗಿ ಕಣಿವೆಗೆ, ಬರುವಾಗ ಸೇಬು. ನವರಾತ್ರಿಯ ಆಸುಪಾಸಿನಲ್ಲಿ ಹೊರಡುವ ಯೋಚನೆ.

ಬಾಡಿಗೆ, ಡೀಸೆಲ್ ಲೆಕ್ಕ ಮಾಲೀಕರದ್ದು. ನನ್ನ ಪ್ರಶ್ನೆ ಬೇರೆ. ಆ ಕಡೆ ಈ ಕಾಲದಲ್ಲಿ ಮರಗಳೆಲ್ಲ ಕೆಂಪಾಗಿ ನಿಲ್ಲುತ್ತವೆ, ನೋಡಲು ಎರಡು ಕಣ್ಣು ಸಾಲದು ಎಂದು ಪ್ರವಾಸ ಹೋಗಿ ಬಂದವರು ಹೇಳುತ್ತಾರೆ. ನಮ್ಮಲ್ಲಿ ಎಲೆ ಉದುರುವುದು ಶಿವರಾತ್ರಿಯ ಸುಮಾರಿಗೆ. ದಸರೆಯಲ್ಲಿ ಎಲ್ಲವೂ ಹಸಿರು. ಹಾಗಾಗಿ ಅಂಥದ್ದನ್ನು ನಾನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಸ್ಟೀರಿಂಗ್ ಹಿಡಿದು ಕೂತವನಿಗೆ ಅದು ಕಾಣುತ್ತದೆಯೇ, ಇಲ್ಲ ಮುಂದಿನ ಗಾಡಿಯ ಹಿಂದೀಪವೊಂದೇ ಕಾಣುವುದೇ? ಹೋಗಿ ಬಂದ ಚಾಲಕರು ಯಾರಾದರೂ ದಾರಿಯಲ್ಲಿ ಏನೇನು ಕಣ್ಣಿಗೆ ಬೀಳುತ್ತದೆ, ಎಲ್ಲಿ ಹುಷಾರಾಗಿರಬೇಕು ಎಂದು ತಿಳಿಸಿ. ಪ್ರವಾಸಿ ತಾಣಗಳ ಪಟ್ಟಿ ಮಾತ್ರ ಬೇಡ.

ಕೊಬ್ಬರಿ ಲಾರಿ (ತಿಪಟೂರು) ಉತ್ತರ

ಕಾಣುತ್ತದೆ. ಆದರೆ ಓಡುವಾಗ ಅಲ್ಲ, ನಿಂತಾಗ. ಓಡಿಸುತ್ತಾ ನೋಡಲು ಹೋದವರ ಗಾಡಿಗಳನ್ನು ಚೆನಾಬ್ ಕಣಿವೆಯ ತಳದಲ್ಲಿ ನೋಡಬಹುದು.

ನಾನು ನಮ್ಮ ಕಡೆಯಿಂದ ಕೊಬ್ಬರಿ ಹೇರಿಕೊಂಡು ದೆಹಲಿಗೆ ಹೋಗುವವನು. ದೀಪಾವಳಿಗೆ ಮುಂಚೆ ಉತ್ತರದವರಿಗೆ ಉಂಡೆ ಕೊಬ್ಬರಿ ಬೇಕೇ ಬೇಕು, ಆದ್ದರಿಂದ ಆಶ್ವಯುಜದಲ್ಲಿ ತಿಪಟೂರಿನಿಂದ ಲೋಡಿಗೆ ಕೊರತೆಯಿಲ್ಲ. ದೆಹಲಿಯಲ್ಲಿ ಇಳಿಸಿ, ಸೇಬಿನ ಬಾಡಿಗೆ ಹದವಾಗಿದ್ದರೆ ಮೇಲಕ್ಕೆ ಏರುತ್ತೇನೆ. ಬರುವಾಗ ಬೆಂಗಳೂರಿನ ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಯಲ್ಲಿ ಇಳಿಸುವುದು. ಹೋಗುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೋಗುವಾಗ ಎಲ್ಲರಿಗೂ ಅವಸರ, ಯಾರಿಗೂ ಏನೂ ಕಾಣುವುದಿಲ್ಲ.

ಮೊದಲು ನಿನ್ನ ಲೆಕ್ಕವನ್ನು ಸ್ವಲ್ಪ ತಿದ್ದುತ್ತೇನೆ. ನವರಾತ್ರಿಗೆ ಹೊರಟು ಅಕ್ಟೋಬರ್ ಮೊದಲರ್ಧದಲ್ಲಿ ಕಣಿವೆ ತಲುಪಿದರೆ ಚಿನಾರ್ ಮರಗಳು ಇನ್ನೂ ಹಸಿರಾಗಿಯೇ ಇರುತ್ತವೆ, ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಹಳದಿಗೆ ತಿರುಗಿರುತ್ತದೆ ಅಷ್ಟೇ. ಅವು ಕೆಂಪಾಗುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ಕ್ಯಾಲೆಂಡರಿನ ಚಿತ್ರ ಬೇಕೆಂದರೆ ಮಾಲೀಕರಿಗೆ ಎರಡನೆಯ ಲೋಡ್ ಹಿಡಿಯಲು ಹೇಳು. ಮೊದಲ ಲೋಡಿನಲ್ಲಿ ಬೇರೆಯದೇ ನೋಡಲು ಸಿಗುತ್ತದೆ.

ನವರಾತ್ರಿಯ ಮಾತು ಬಂತಲ್ಲ, ಆಯುಧಪೂಜೆ ದಾರಿಯಲ್ಲೇ ಬಂದರೆ ಏನು ಮಾಡುವುದು ಎಂದು ಹೊಸಬರು ಕೇಳುತ್ತಾರೆ. ಊರಿನಿಂದಲೇ ಒಂದು ಬೂದುಕುಂಬಳ ಹಾಕಿಕೊಂಡು ಹೋಗು. ಬಲಿತ ಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ, ದೇಶದ ಈ ತುದಿಯಿಂದ ಆ ತುದಿಗೆ ನೆಮ್ಮದಿಯಾಗಿ ಬರುತ್ತದೆ. ನಾನು ಸೀಟಿನ ಹಿಂದಿನ ಮಲಗುವ ಹಲಗೆಯ ಮೂಲೆಯಲ್ಲಿ ಗೋಣಿಚೀಲ ಸುತ್ತಿ ಇಡುತ್ತೇನೆ. ಜಮ್ಮು ತಲುಪುವ ಹೊತ್ತಿಗೆ ಅದರ ಮೈಮೇಲಿನ ಬೂದಿ ಅರ್ಧ ಉಜ್ಜಿ ಹೋಗಿ, ಹಸಿರು ಮೈಯಲ್ಲಿ ನಮ್ಮ ಬೆರಳಚ್ಚುಗಳೇ ಕಾಣುತ್ತಿರುತ್ತವೆ. ಚೆಂಡುಹೂವು ಜಮ್ಮುವಿನಲ್ಲಿ ಧಾರಾಳವಾಗಿ ಸಿಗುತ್ತದೆ. ನಿಂಬೆಹಣ್ಣು ಅಲ್ಲಿ ಬೆಲೆ ಜಾಸ್ತಿ, ಅದನ್ನೂ ಊರಿಂದಲೇ ಒಯ್ಯುವುದು ಲೇಸು. ಪಾರ್ಕಿಂಗ್ ಜಾಗದಲ್ಲಿ ಕಾಯಿ ಒಡೆದಾಗ ಪಕ್ಕದ ಗಾಡಿಯ ಪಂಜಾಬಿ ಚಾಲಕರು ತಮ್ಮ ಬಂಪರಿಗೂ ಕುಂಕುಮ ಹಚ್ಚಿಸಿಕೊಂಡು ಹೋಗುತ್ತಾರೆ. ಬೂದುಕುಂಬಳವನ್ನು ನೆಲಕ್ಕೆ ಅಪ್ಪಳಿಸಿದ್ದು ಮಾತ್ರ ಅವರಿಗೆ ಸಹಿಸದು. ಅವರಲ್ಲಿ ಅದರಿಂದ ಪೇಟಾ ಮಿಠಾಯಿ ಮಾಡುತ್ತಾರೆ. ಒಡೆದ ಹೋಳುಗಳನ್ನು ರಸ್ತೆಯಿಂದ ಬಳಿದು ತೆಗೆ. ಬೈಕಿನವರು ಜಾರಿ ಬೀಳುವುದು ನಮ್ಮ ಊರಿನಲ್ಲಿ ಸಾಕಾಗಿದೆ.

ಜಮ್ಮುವಿನಿಂದ ಶ್ರೀನಗರ 300 ಕಿ.ಮೀ.ಗಿಂತ ಕಡಿಮೆ. ಎಷ್ಟು ಹೊತ್ತು ಎಂದು ಮಾತ್ರ ಯಾರನ್ನೂ ಕೇಳಬೇಡ. ಚೆನಾನಿ–ನಾಶ್ರಿ ಸುರಂಗ ಸುಮಾರು 9 ಕಿ.ಮೀ., 2017ರಲ್ಲಿ ತೆರೆಯಿತು. ಅದರಿಂದ ಪಟ್ನಿಟಾಪ್ ಏರುವುದು ತಪ್ಪಿತು. ಕಷ್ಟವಿರುವುದು ರಾಮಬನದಿಂದ ಬನಿಹಾಲ್‌ವರೆಗೆ. ಅಲ್ಲಿನ ಗುಡ್ಡ ಗಟ್ಟಿ ಬಂಡೆಯಲ್ಲ, ಪುಡಿಗಲ್ಲು. ಮಳೆ ಬಂದರೆ ಜಾರುತ್ತದೆ, ಮಳೆ ನಿಂತು ಬಿಸಿಲು ಬಿದ್ದರೂ ಜಾರುತ್ತದೆ, ಗಾಳಿಗೂ ಕಲ್ಲು ಉರುಳುತ್ತದೆ. ಎಷ್ಟೋ ದಿನ ಭಾರಿ ವಾಹನಗಳನ್ನು ಒಂದೇ ದಿಕ್ಕಿಗೆ ಬಿಡುತ್ತಾರೆ. ಇವತ್ತು ಏರುವವರು, ನಾಳೆ ಇಳಿಯುವವರು. ಸಂಚಾರ ಪೊಲೀಸರ ಸೂಚನೆಯನ್ನು ಹಿಂದಿನ ಸಂಜೆಯೇ ಮೊಬೈಲಿನಲ್ಲಿ ನೋಡಿಕೊಳ್ಳಬೇಕು. ಈ ತುಂಡಿನಲ್ಲಿ ನೀನು ನೋಡಬೇಕಾದದ್ದು ಪಕ್ಕದ ಗುಡ್ಡ, ಕೇಳಬೇಕಾದದ್ದು ಕಲ್ಲು ಬೀಳುವ ಸದ್ದು. ಹಾಡು ಹಾಕಬೇಡ. ಸಾಲು ನಿಂತಾಗ ಕೆಳಗಿನ ಚೆನಾಬ್ ನೋಡು. ಮಳೆಗಾಲದಲ್ಲಿ ಕಂದು ಕೆಸರಾಗಿ ಹರಿಯುವ ಅದು ಅಕ್ಟೋಬರಿನಲ್ಲಿ ತಿಳಿಯಾಗಿ ಹಸಿರು ತೋರುತ್ತದೆ. ಅಲ್ಲಿಯ ಚಾಲಕರು ಮಳೆಗಾಲ ನಿಜವಾಗಿ ಮುಗಿಯಿತೋ ಇಲ್ಲವೋ ಎಂದು ನಂಬುವುದು ಆ ನೀರನ್ನು ನೋಡಿಯೇ.

ಬನಿಹಾಲ್–ಖಾಜಿಗುಂಡ್ ಸುರಂಗ 2021ರಲ್ಲಿ ತೆರೆದದ್ದು, ಎಂಟೂವರೆ ಕಿ.ಮೀ. ಸುಮಾರು. ಅದಕ್ಕೆ ಮುಂಚೆ 1956ರ ಜವಾಹರ್ ಸುರಂಗದಲ್ಲೇ ನುಗ್ಗಬೇಕಿತ್ತು. ಈಚೆ ಬಾಯಿಯಲ್ಲಿ ಕಿಟಕಿ ಇಳಿಸಿಕೊಂಡು ಬಂದವನು ಆಚೆ ಬಾಯಿಯಲ್ಲಿ ಏರಿಸುತ್ತಾನೆ. ಚಳಿ ಹಾಗೆ ತಟ್ಟುತ್ತದೆ. ಮುಂದೆ ಗದ್ದೆ ಬಯಲು. ಭತ್ತ ಕೊಯ್ದಾಗಿರುತ್ತದೆ, ಹುಲ್ಲಿನ ಬಣವೆಗಳು ನಿಂತಿರುತ್ತವೆ, ರಸ್ತೆಯುದ್ದಕ್ಕೂ ನೆಟ್ಟಗೆ ನಿಂತ ಪಾಪ್ಲರ್ ಮರಗಳು ಎಲ್ಲಕ್ಕಿಂತ ಮೊದಲು ಹಳದಿಯಾಗಿರುತ್ತವೆ. ಆ ಮರಗಳ ಹಲಗೆಯಿಂದಲೇ ಸೇಬಿನ ಪೆಟ್ಟಿಗೆ.

ಅಲ್ಲಿಂದ ಶ್ರೀನಗರದ ಕಡೆಗೆ ಹೋಗುವಾಗ ಹೆದ್ದಾರಿಯಲ್ಲಿ ಮೂರು ಕಡೆ ಕಣ್ಣು ತಾನಾಗಿಯೇ ತಿರುಗುತ್ತದೆ. ಸಂಗಮ್ ಎಂಬಲ್ಲಿ ಕ್ರಿಕೆಟ್ ಬ್ಯಾಟಿನ ಕಾರ್ಖಾನೆಗಳು. ವಿಲೋ ಮರದ ಸೀಳುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ ಒಣಗಲು ಇಟ್ಟಿರುತ್ತಾರೆ, ಮನೆಯ ಎತ್ತರಕ್ಕೆ. ಹೊಸ ಮರ ಬೆಳ್ಳಗಿರುತ್ತದೆ, ಹಳೆಯದು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಮುಂದೆ ಅವಂತಿಪುರ, ಒಂಬತ್ತನೆಯ ಶತಮಾನದ ಅವಂತಿವರ್ಮನ ಗುಡಿಯ ಕಂಬಗಳು ರಸ್ತೆಗೆ ತಾಗಿಕೊಂಡೇ ಇವೆ. ಹಳೇಬೀಡಿನ ಕಡೆಯವನಾದ ನಮ್ಮ ಕ್ಲೀನರ್ ಅದನ್ನು ನೋಡಿ, "ಕೆತ್ತನೆ ನಮ್ಮಷ್ಟು ಇಲ್ಲ" ಎಂದು ತೀರ್ಪು ಕೊಟ್ಟು ಮತ್ತೆ ಮಲಗಿದ. ಮೂರನೆಯದು ಪಾಂಪೋರ್. ಅಕ್ಟೋಬರ್ ಕೊನೆಗೆ ಹೋದರೆ ಕೇಸರಿ ಹೂ ಬಿಟ್ಟಿರುತ್ತದೆ. ಕಾರಿನಲ್ಲಿ ಹೋಗುವವರಿಗೆ ಬರೀ ಬೋಳು ಮಣ್ಣಿನ ದಿಬ್ಬ ಕಂಡೀತು. ಗಿಡ ಗೇಣುದ್ದವೂ ಇಲ್ಲ. ನಮ್ಮ ಕ್ಯಾಬಿನಿನ ಎತ್ತರದಿಂದ ಮಾತ್ರ ಆ ನೇರಳೆ ಬಣ್ಣ ಹೊಲದ ಉದ್ದಕ್ಕೂ ಕಾಣುತ್ತದೆ. ಹೂವನ್ನು ಬೆಳಗಿನ ಹೊತ್ತು ಕೀಳುತ್ತಾರೆ, ಇಡೀ ಮನೆಮಂದಿ ಬಾಗಿಕೊಂಡು. ಪ್ರತಿ ಹೂವಿಗೆ ಮೂರೇ ಕೆಂಪು ಎಳೆ, ಮಿಕ್ಕಿದ್ದೆಲ್ಲ ಬುಟ್ಟಿಯ ಭಾರ.

ನಾನು ಅತಿ ಹೆಚ್ಚು ನೋಡಿರುವುದು ಮಾತ್ರ ಖಾಜಿಗುಂಡ್. ಲೋಡ್ ಆದ ಗಾಡಿಗಳನ್ನು ಕೆಳಗೆ ಬಿಡುವವರೆಗೆ ಅಲ್ಲೇ ತಡೆಯುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಸಾವಿರಾರು ಲಾರಿಗಳು ಹಾಗೆ ನಿಂತವು. 2025ರ ಆಗಸ್ಟ್ ಕೊನೆಗೆ ಉಧಂಪುರದ ಬಳಿ ಗುಡ್ಡ ಜರಿದು ರಸ್ತೆಯೇ ಹೋದಾಗಲೂ ಅದೇ ಗತಿ, ಸೇಬು ಗಾಡಿಯಲ್ಲೇ ಕೊಳೆಯಿತು. ಬಿಟ್ಟಾಗ ಹೋಗುವುದು, ಅಲ್ಲಿಯವರೆಗೆ ಊರು ಸುತ್ತುವುದು. ಮನೆಗಳ ಕಿಟಕಿಗಳಿಗೆ ಕೆಂಪು ಮೆಣಸಿನಕಾಯಿ ಸರ ಕಟ್ಟಿರುತ್ತಾರೆ. ಸೋರೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ದಾರಕ್ಕೆ ಪೋಣಿಸಿ ತೂಗು ಹಾಕಿರುತ್ತಾರೆ, ಬದನೆಕಾಯಿಯನ್ನು ಸೀಳಿ ಒಣಗಿಸುತ್ತಾರೆ. ನಮ್ಮ ಅಜ್ಜಿಯರು ಬೇಸಿಗೆಯಲ್ಲಿ ಬಾಳಕ, ಸಂಡಿಗೆ ಮಾಡಿ ಮಳೆಗಾಲಕ್ಕೆ ಡಬ್ಬಿ ತುಂಬಿಸುತ್ತಿದ್ದಂತೆ ಅವರದು ಹಿಮಕ್ಕೆ ತಯಾರಿ. ಬೀದಿ ಗುಡಿಸುವ ಹೆಂಗಸರು ಉದುರಿದ ಎಲೆಗಳನ್ನು ರಾಶಿ ಮಾಡಿ ಬೆಂಕಿ ಕೊಟ್ಟು, ಉರಿ ಏಳುವ ಮೊದಲೇ ನೀರು ಚಿಮುಕಿಸಿ ಇದ್ದಿಲು ಮಾಡುತ್ತಾರೆ. ಚಳಿಗೆ ಮೈಯೊಳಗೆ ಹಿಡಿದುಕೊಳ್ಳುವ ಕಾಂಗಡಿ ಎಂಬ ಬೆಂಕಿಮಡಕೆಗೆ ಅದೇ ಇಂಧನ. ನೀನು ಕೇಳಿದ ಕೆಂಪೆಲೆಗಳ ಕೊನೆಯ ಕಥೆ ಅದು. ಪ್ರವಾಸಿಗಳು ಫೋಟೊ ತೆಗೆಯುತ್ತಾರೆ, ಊರವರು ಗುಡಿಸಿ ಸುಡುತ್ತಾರೆ.

ಲೋಡಿಂಗ್ ವೇಳೆ ಗಾಡಿ ಬಿಟ್ಟು ಹೋಗಬೇಡ. ಶೋಪಿಯಾನ್, ಪುಲ್ವಾಮಾ ಕಡೆ ತೋಟದ ದಾರಿಗಳು ಕಿರಿದು. ಸಣ್ಣ ಗಾಡಿಯಲ್ಲಿ ಪೆಟ್ಟಿಗೆ ತಂದು ನಮಗೆ ಹೇರುತ್ತಾರೆ. ಒಂದು ಪೆಟ್ಟಿಗೆ 16ರಿಂದ 18 ಕೆ.ಜಿ. ಅಡಿಗೆ ಭತ್ತದ ಹುಲ್ಲು, ಅಂಚಿಗೆ ಕಾಗದ, ಸಾಲು ಸಾಲಾಗಿ ಹಣ್ಣು, ಮೇಲೆ ಹಲಗೆ ಇಟ್ಟು ಮೊಳೆ. ಮೊಳೆ ಹೊಡೆಯುವ ಹುಡುಗರ ಬಾಯಲ್ಲಿ ಮೊಳೆಗಳಿರುತ್ತವೆ, ಮಾತಾಡಿಸಿದರೆ ತಲೆ ಮಾತ್ರ ಆಡಿಸುತ್ತಾರೆ. ಈಗ ರಟ್ಟಿನ ಪೆಟ್ಟಿಗೆ ಹೆಚ್ಚಾಗಿದೆ. ರಟ್ಟು ಹಗುರ, ಆದರೆ ತೇವ ತಗುಲಿದರೆ ಕೆಳಗಿನ ಸಾಲು ಕುಸಿಯುತ್ತದೆ. ಮರದ್ದು ಕೆಳಗೆ, ರಟ್ಟು ಮೇಲೆ ಎಂದು ನೀನೇ ನಿಂತು ಹೇಳಬೇಕು.

ಇಳಿಯುವ ದಾರಿಯ ಬಗ್ಗೆ ಆಮೇಲೆ ಬರೆಯುತ್ತೇನೆ, ಗಾಡಿ ತೂಕಕ್ಕೆ ಕರೆಯುತ್ತಿದ್ದಾರೆ.

ಮೆಕ್ಕೆಜೋಳ (ರಾಣೆಬೆನ್ನೂರು) ಉತ್ತರ

ಕಾಶ್ಮೀರದ ಸೊಬಗನ್ನು ಲಾರಿಯವರು ಚೆನ್ನಾಗಿ ವರ್ಣಿಸುತ್ತಾರೆ. ನಮ್ಮ ಊರಿನ ಸರ್ವಿಸ್ ರಸ್ತೆಗೆ ಬಂದಾಗ ಮಾತ್ರ ಅವರ ಬಾಯಿ ಬೇರೆ. ಅಕ್ಟೋಬರ್, ನವೆಂಬರಿನಲ್ಲಿ ದಾವಣಗೆರೆಯಿಂದ ಹಾವೇರಿವರೆಗೆ ಹೆದ್ದಾರಿಯ ಬದಿಯಲ್ಲಿ ಹಳದಿ ಹಾಸಿರುತ್ತದಲ್ಲ, ಅದು ನಮ್ಮ ಮೆಕ್ಕೆಜೋಳ. ತೇವಾಂಶ ಶೇ. 14ಕ್ಕಿಂತ ಹೆಚ್ಚಿದ್ದರೆ ಖರೀದಿಯಲ್ಲಿ ಬೆಲೆ ಕಡಿಯುತ್ತಾರೆ, ಇಲ್ಲವೇ ವಾಪಸು ಕಳುಹಿಸುತ್ತಾರೆ. 2025ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದು ಘೋಷಣೆಯಾಗಿದ್ದರೂ ಮಾರುಕಟ್ಟೆಯಲ್ಲಿ ಅದು ಸಿಗದೆ ರೈತರು ಬೀದಿಗಿಳಿದದ್ದು ನಿಮಗೂ ಗೊತ್ತು. ಕಣ ಮಾಡಲು ಜಾಗ ಎಲ್ಲಿದೆ? ಟಾರು ಬಿಸಿಯಾಗಿರುತ್ತದೆ, ಎರಡು ಬಿಸಿಲಿಗೆ ಕಾಳು ಖಣಖಣ ಎನ್ನುತ್ತದೆ. ಮೇಲೆ ಹಾರನ್ ಹೊಡೆದು ಬೈಯುತ್ತಾ ಹೋಗುವ ಬದಲು ಒಂದು ಅಡಿ ಬಲಕ್ಕೆ ಸರಿದು ಹೋದರೆ ನಿಮ್ಮ ಗಂಟೇನು ಹೋಗುತ್ತದೆ?

ಕೊಬ್ಬರಿ ಲಾರಿ ಉತ್ತರ

ಕಾಳಿನ ಬಗ್ಗೆ ತಕರಾರಿಲ್ಲ ಸ್ವಾಮಿ. ಕಾಳಿನ ಸುತ್ತ ಇಡುವ ಕಲ್ಲುಗಳ ಬಗ್ಗೆ ತಕರಾರು. ಸಂಜೆ ಕಾಳು ಬಾಚಿ ಚೀಲಕ್ಕೆ ತುಂಬುತ್ತೀರಿ, ಕಲ್ಲನ್ನು ಅಲ್ಲೇ ಬಿಟ್ಟು ಮನೆಗೆ ಹೋಗುತ್ತೀರಿ. ರಾತ್ರಿ ಎರಡು ಗಂಟೆಗೆ ಟೈರು ಆ ಕಲ್ಲಿನ ಮೇಲೆ ಹತ್ತಿದಾಗ ನನ್ನ ಗಂಟು ಹೋಗುತ್ತದೆ. ಕಾಳಿನ ಜೊತೆಗೆ ಕಲ್ಲನ್ನೂ ಬದಿಗೆ ಸರಿಸಿ, ನಾನು ಒಂದಲ್ಲ, ಎರಡು ಅಡಿ ಸರಿದು ಹೋಗುತ್ತೇನೆ.

ಮನೆಯಿಂದ (ಅರಸೀಕೆರೆ) ಉತ್ತರ

ನಮ್ಮ ಯಜಮಾನರೂ ಇದೇ ದಾರಿಯವರು. ನವರಾತ್ರಿಗೆ ಹೋದವರು ದೀಪಾವಳಿ ಕಳೆದ ಮೇಲೆ ಬರುವುದು ನಮ್ಮ ಮನೆಯಲ್ಲಿ ರೂಢಿ. ಅವರು ಶರತ್ಕಾಲ ನೋಡುವುದು ನಿಜವೋ ಸುಳ್ಳೋ ಗೊತ್ತಿಲ್ಲ, ನಮಗೆ ಮೊಬೈಲಿಗೆ ಬರುವುದು ಒಡೆದ ಕನ್ನಡಿ, ಸವೆದ ಟೈರು, ರಸ್ತೆ ಬಂದ್ ಆದ ಫಲಕ ಇವುಗಳ ಫೋಟೊ. ಒಮ್ಮೆ ಮಾತ್ರ ಕಾಲಿನ ಪಕ್ಕ ಬಿದ್ದ ಒಂದು ಚಿನಾರ್ ಎಲೆಯ ಫೋಟೊ ಬಂತು. ಎಲೆಗಿಂತ ಅವರ ಹರಿದ ಚಪ್ಪಲಿ ಸ್ಪಷ್ಟವಾಗಿ ಕಾಣುತ್ತಿತ್ತು, ನಾನು ಅದರ ಬಗ್ಗೆಯೇ ಕೇಳಿದೆ.

ಅವರು ತರುವ ಸೇಬು ಪೆಟ್ಟು ತಿಂದದ್ದು, ಮಾರಾಟಕ್ಕೆ ಬಾರದ್ದು. ತಿನ್ನಲು ಅದೇ ರುಚಿ. ಪೆಟ್ಟಿಗೆಯನ್ನು ನಾನು ಬಿಸಾಡುವುದಿಲ್ಲ. ಹಲಗೆಯ ಮೇಲೆ ನೀಲಿ ಶಾಯಿಯ ಉರ್ದು ಅಕ್ಷರಗಳಿರುತ್ತವೆ, ಮೊಳೆ ಕಿತ್ತು ನಾಲ್ಕು ಹಲಗೆ ಸೇರಿಸಿದರೆ ಪಾತ್ರೆ ಇಡುವ ಗೂಡಾಗುತ್ತದೆ. ಒಳಗಿನ ಹುಲ್ಲನ್ನು ಹಸುವಿಗೆ ಹಾಕಲು ಹೋದರೆ ಮೂಸಿ ನೋಡಿ ಬಿಟ್ಟಿತು, ಅದಕ್ಕೆ ನಮ್ಮ ಊರಿನ ರಾಗಿಹುಲ್ಲೇ ಆಗಬೇಕು.

ಹೊಸ ಸ್ಟೀರಿಂಗ್ ಅವರೇ, ಸ್ವೆಟರ್ ಒಂದು ಸಾಲದು. ಕಿವಿಗೆ ಟೋಪಿ, ಕಾಲಿಗೆ ಉಣ್ಣೆಯ ಚೀಲ ಇಟ್ಟುಕೊಳ್ಳಿ. ಹೆಂಗಸರು ಹೇಳಿದರೆ ಹಾಸ್ಯ ಮಾಡುತ್ತೀರಿ, ಆಮೇಲೆ ಜಮ್ಮುವಿನಲ್ಲಿ ಎರಡು ಪಟ್ಟು ದುಡ್ಡು ಕೊಟ್ಟು ಕೊಳ್ಳುತ್ತೀರಿ.

ಹೊಸ ಸ್ಟೀರಿಂಗ್ ಮತ್ತೆ ಕೇಳಿದ್ದು

ಇಷ್ಟು ಸಿಗುತ್ತದೆಂದು ನಿರೀಕ್ಷಿಸಿರಲಿಲ್ಲ, ವಂದನೆಗಳು. ಟೋಪಿ ಕೊಳ್ಳುತ್ತೇನೆ ಅಕ್ಕಾ. ಇನ್ನೂ ಕೆಲವು ಅನುಮಾನಗಳಿವೆ. ಪಂಜಾಬಿನ ಹೊಗೆ ನಿಜಕ್ಕೂ ರಸ್ತೆ ಕಾಣದಷ್ಟು ಇರುತ್ತದೆಯೇ? ಗಾಡಿಯಲ್ಲಿ ಸೇಬು ಕೆಡುತ್ತಿದೆ ಎಂದು ತಿಳಿಯುವುದು ಹೇಗೆ? ಈಗ ಸೇಬಿಗೆ ರೈಲು ಬಂದಿದೆಯಂತೆ, ಲಾರಿಗಳಿಗೆ ಇನ್ನು ಕೆಲಸ ಇರುತ್ತದೆಯೇ? ಮತ್ತೆ, ತಂಗಿ ಕೇಸರಿ ತರಲು ಹೇಳಿದ್ದಾಳೆ.

ಕೊಬ್ಬರಿ ಲಾರಿ ಉತ್ತರ

ತೂಕ ಆಯಿತು, ಊಟವೂ ಆಯಿತು. ಉಳಿದದ್ದನ್ನು ಹೇಳುತ್ತೇನೆ.

ಇಳಿಯುವ ದಾರಿಯ ವಿಚಿತ್ರ ಏನೆಂದರೆ, ಕಾಲ ಹಿಂದಕ್ಕೆ ಹೋಗುತ್ತದೆ. ಕಣಿವೆಯಲ್ಲಿ ಸ್ವೆಟರ್ ಮೇಲೆ ಸ್ವೆಟರ್, ಲಖನ್‌ಪುರ ದಾಟಿ ರಾವಿ ನದಿಯ ಸೇತುವೆಗೆ ಬಂದರೆ ಒಂದು ಬಿಚ್ಚಬಹುದು, ನಾಗಪುರದ ಹೊತ್ತಿಗೆ ಬನಿಯನ್. ಅಲ್ಲಿ ಎಲೆ ಉದುರುತ್ತಿದ್ದದ್ದನ್ನು ನೋಡಿ ಬಂದವನಿಗೆ ಅನಂತಪುರದಲ್ಲಿ ಹಿಂಗಾರಿನ ಮಳೆ ಹೊಡೆದು, ಬಾಗೇಪಲ್ಲಿಯಲ್ಲಿ ಎಲ್ಲವೂ ಹಸಿರು.

ಹೊಗೆಯ ವಿಷಯ. ಪಠಾಣಕೋಟ್ ದಾಟಿ ಜಲಂಧರ್, ಲುಧಿಯಾನ, ಅಂಬಾಲಾ ಈ ಬಯಲಿನಲ್ಲಿ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಭತ್ತದ ಕೂಳೆ ಸುಡುತ್ತಾರೆ. ನೆಲದ ನೀರು ಉಳಿಸಲು 2009ರಲ್ಲಿ ಪಂಜಾಬಿನಲ್ಲಿ ಕಾನೂನು ಬಂದು ನಾಟಿಯನ್ನು ಜೂನ್‌ಗೆ ತಳ್ಳಿದರು. ಕಟಾವೂ ಹಿಂದಕ್ಕೆ ಹೋಯಿತು, ಗೋಧಿ ಬಿತ್ತಲು ಉಳಿಯುವುದು ಕೆಲವೇ ದಿನ. ಯಂತ್ರ ಕೊಯ್ದು ಹೋದ ಮೇಲೆ ನಿಂತ ಕೂಳೆ ತೆಗೆಯಲು ಬೆಂಕಿಯೇ ಅಗ್ಗ. ಮಧ್ಯಾಹ್ನ ಹಚ್ಚುತ್ತಾರೆ. ಬಿಸಿಲಿನಲ್ಲಿ ಹೊಗೆ ಮೇಲೇರುವುದರಿಂದ ತೊಂದರೆಯಿಲ್ಲ. ಸೂರ್ಯ ತಾಮ್ರದ ಬಣ್ಣಕ್ಕೆ ತಿರುಗಿ, ನೆಟ್ಟ ನೋಟದಲ್ಲಿ ನೋಡಬಹುದಾದಷ್ಟು ಮಂಕಾಗುತ್ತಾನಲ್ಲ, ಆಗಿನಿಂದ ಹುಷಾರು. ಗಾಳಿ ತಣ್ಣಗಾಗುತ್ತಲೇ ಹೊಗೆ ರಸ್ತೆಯ ಮಟ್ಟಕ್ಕೆ ಕೂರುತ್ತದೆ. ದೊಡ್ಡ ದೀಪ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ. ಸಣ್ಣ ದೀಪವೇ ಸರಿ. ಕಣ್ಣು ಉರಿಯುತ್ತದೆ, ನೀರಿನ ಬಾಟಲಿ ಕೈಗೆ ಸಿಗುವಂತಿರಲಿ. ನಾನು ಸಂಜೆ ಐದರಿಂದ ಎಂಟರವರೆಗೆ ಡಾಬಾ ಹಿಡಿದು ಮಲಗುತ್ತೇನೆ. ಅದೇ ಹೊಲಗಳಲ್ಲಿ ನೋಡಿದ ಪಂಜಾಬ್ ನೋಂದಣಿಯ ಕಟಾವು ಯಂತ್ರಗಳನ್ನು ಆಮೇಲೆ ನಮ್ಮ ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲೂ ನೋಡಿದ್ದೇನೆ. ಅವರ ಹಂಗಾಮು ನಮ್ಮಂತೆಯೇ ರಸ್ತೆಯ ಮೇಲೆ.

ದೆಹಲಿಯೊಳಗೆ ಹೋಗಬೇಡ. ಗಾಳಿ ಕೆಟ್ಟ ದಿನ ಲಾರಿಗಳಿಗೆ ತಡೆ ಬೀಳುತ್ತದೆ. ಕುಂಡ್ಲಿಯಿಂದ ಪಲ್ವಲ್‌ಗೆ ಪೂರ್ವದ ಹೊರವರ್ತುಲ ಹಿಡಿ, 135 ಕಿ.ಮೀ. ಧೋಲಪುರ ದಾಟಿ ಚಂಬಲ್ ಕೊರಕಲುಗಳು, ಮೊದಲ ಲೋಡಿನವರಿಗೆ ಅಲ್ಲಿ ಕಾಂಸ್ ಹುಲ್ಲಿನ ಬಿಳಿ ತೆನೆ ಕಾಣಬಹುದು. ಸಾಗರದಿಂದ ನರಸಿಂಗಪುರದ ದಾರಿಯಲ್ಲಿ ನರ್ಮದೆ. ಸಿವನಿ ಜಿಲ್ಲೆಯಲ್ಲಿ ಹೆಂಗಸರು ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ, ಎಲೆ ಸಮೇತ. ಕಣ್ಣು ಬಿಟ್ಟ ಹಣ್ಣನ್ನು ಅವತ್ತೇ ತಿನ್ನು, ಕ್ಯಾಬಿನಿನ ಬಿಸಿಗೆ ನಾಳೆಗೆ ಉಳಿಯದು. ಆಮೇಲೆ ಪೆಂಚ್ ಕಾಡು. ಹುಲಿ ಕಾಣುತ್ತದೆಂದು ಕನಸು ಕಾಣಬೇಡ. ಪ್ರಾಣಿಗಳು ಕೆಳಗೆ ದಾಟಲೆಂದು ರಸ್ತೆಯನ್ನು ಕಂಬಗಳ ಮೇಲೆ ಎತ್ತಿದ್ದಾರೆ, ಸದ್ದು, ಬೆಳಕು ಕಾಡಿಗೆ ಹೋಗದಂತೆ ಎರಡೂ ಬದಿ ತಡೆಗೋಡೆ. ನಮಗೆ ಗೋಡೆ, ಹುಲಿಗೆ ನೆಮ್ಮದಿ. ಒಳ್ಳೆಯ ಕೆಲಸವೇ.

ಹಿಂಗಣಘಾಟಿನಿಂದ ಆದಿಲಾಬಾದ್‌ವರೆಗೆ ಹತ್ತಿ. ಮೊದಲ ಬಿಡಿಸುವಿಕೆಯ ಹತ್ತಿಯನ್ನು ಟ್ರ್ಯಾಕ್ಟರಿನ ಅಂಚು ಮೀರಿ ತುಂಬಿರುತ್ತಾರೆ, ರಸ್ತೆ ಬದಿಯ ಜಾಲಿ ಮುಳ್ಳಿಗೆಲ್ಲ ಅದರ ಎಳೆ ಸಿಕ್ಕಿಕೊಂಡಿರುತ್ತದೆ. ನವರಾತ್ರಿಯ ವಾರದಲ್ಲೇ ತೆಲಂಗಾಣ ದಾಟುವುದಾದರೆ ಬತುಕಮ್ಮ ಹಬ್ಬ. ನಮ್ಮ ಹೊಲದ ಬದುವಿನಲ್ಲಿ ಯಾರೂ ತಿರುಗಿ ನೋಡದ ತಂಗಡಿ ಹೂವನ್ನು ಅಲ್ಲಿ ಗೋಪುರವಾಗಿ ಜೋಡಿಸಿ ತಲೆಯ ಮೇಲೆ ಹೊತ್ತು ಹೋಗುತ್ತಾರೆ. ಸಂಜೆ ಹಳ್ಳಿಗಳಲ್ಲಿ ನಿಧಾನ ಓಡಿಸು, ಹೆಣ್ಣುಮಕ್ಕಳು ಗುಂಪಾಗಿ ಕೆರೆಗೆ ಹೋಗುತ್ತಿರುತ್ತಾರೆ.

ಸೇಬು ಕೆಡುವುದು ಮೂಗಿಗೆ ತಿಳಿಯುತ್ತದೆ. ಮೊದಲ ದಿನಗಳಲ್ಲಿ ಕ್ಯಾಬಿನಿಗೂ ತಾಜಾ ವಾಸನೆ ಬರುತ್ತದೆ. ಅದು ಹೆಂಡದ ಕಡೆಗೆ ಹುಳಿ ತಿರುಗಿದರೆ ಒಳಗೆ ಕಾವು ಹೆಚ್ಚಿದೆ ಎಂದು ಅರ್ಥ. ಪ್ರತಿ ನಿಲುಗಡೆಯಲ್ಲಿ ಹಿಂಬದಿಯ ತಾಡಪಾಲು ಎತ್ತಿ ಪೆಟ್ಟಿಗೆಗಳ ಸಂದಿಗೆ ಕೈ ಹಾಕು. ಬಿಸಿ ತಟ್ಟಿದರೆ ಹಗಲು ನೆರಳಿನಲ್ಲಿ ನಿಲ್ಲಿಸಿ ರಾತ್ರಿ ಓಡಿಸು. ಮಳೆ ಇಲ್ಲದ ಕಡೆ ಪಕ್ಕದ ಹೊದಿಕೆ ಮಡಚಿ ಗಾಳಿ ಆಡಲು ಬಿಡು. ಬಿಗಿಯಾಗಿ ಮುಚ್ಚಿ ತಂದ ಮಾಲು ಮಳೆಗೆ ಉಳಿಯಿತು, ಕಾವಿಗೆ ಸತ್ತಿತು ಎಂದು ಮಂಡಿಯಲ್ಲಿ ನಗುತ್ತಾರೆ.

ರೈಲು ಬಂದಿರುವುದು ನಿಜ, 2025ರ ಸೆಪ್ಟೆಂಬರಿನಿಂದ ಬಡಗಾಮಿನಿಂದ ದೆಹಲಿಗೆ ಪಾರ್ಸೆಲ್ ಗಾಡಿ. ಗುಡ್ಡ ಜರಿದಾಗ ಬೆಳೆಗಾರರಿಗೆ ಅದು ಆಸರೆ. ಆದರೂ ತೋಟದ ಬಾಯಿಂದ ಬೆಂಗಳೂರಿನ ಅಂಗಡಿಯ ಬಾಯಿಗೆ ಒಂದೇ ಸಲ ಹೇರಿ ಒಂದೇ ಸಲ ಇಳಿಸುವುದು ಇನ್ನೂ ಲಾರಿಯೇ. ನಡುವೆ ಎತ್ತಿ ಹಾಕಿದಷ್ಟೂ ಸೇಬಿಗೆ ಪೆಟ್ಟು.

ಕಬ್ಬಿನ ಗಡಿ (ನಿಪ್ಪಾಣಿ) ಉತ್ತರ

ಪುಣೆ ದಾರಿಯವನಾದ್ದರಿಂದ ಈ ಹುಡುಗನಿಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೀಪಾವಳಿ ಬಂತೆಂದರೆ ನಮ್ಮಲ್ಲಿ ನೋಡಬೇಕಾದ್ದು ಮರವಲ್ಲ, ಟ್ರ್ಯಾಕ್ಟರ್. ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವವರು ಸಂಸಾರ ಸಮೇತ ಬರುತ್ತಾರೆ. ಒಂದು ಟ್ರಾಲಿಯಲ್ಲಿ ಪಾತ್ರೆ, ಜೋಳದ ಚೀಲ, ಗುಡಿಸಲಿಗೆ ಬೇಕಾದ ಬಿದಿರು, ತಾಡಪಾಲು, ಆಡು, ಕೋಳಿ, ಎಲ್ಲದರ ಮೇಲೆ ಮಕ್ಕಳು. ಒಬ್ಬ ಹುಡುಗಿ ಕೋಳಿಯನ್ನು ಮಡಿಲಲ್ಲಿ ಹಿಡಿದು ಅದರ ಕಣ್ಣು ಮುಚ್ಚಿದ್ದಳು, ಲಾರಿ ಹಾರನ್‌ಗೆ ಹೆದರಬಾರದೆಂದು. ನಾನು ಹಾರನ್ ಒತ್ತದೆ ಹಿಂದೆಯೇ ಬಹಳ ದೂರ ಬಂದೆ.

ಕಾರ್ಖಾನೆ ಶುರುವಾದ ಮೇಲೆ ಅದೇ ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಕಬ್ಬು. ರಾತ್ರಿ ಹೊತ್ತು ಹಿಂದೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಕಬ್ಬಿನ ಗರಿ ಪಟ್ಟಿಯನ್ನು ಮುಚ್ಚಿರುತ್ತದೆ. ಸಂಕೇಶ್ವರ, ನಿಪ್ಪಾಣಿ ನಡುವೆ ಎಡದ ಪಥದಲ್ಲಿ ಕಪ್ಪು ಆಕಾರ ಕಂಡರೆ ಅದನ್ನು ನೆರಳು ಎಂದುಕೊಳ್ಳಬೇಡಿ.

ಕೊಬ್ಬರಿ ಲಾರಿ ಉತ್ತರ

ಇವರು ಹೇಳಿದ್ದು ಅಕ್ಷರಶಃ ನಿಜ, ಮಂಡ್ಯ ಕಡೆಯೂ ಇದೇ ಪಾಡು.

ತಂಗಿಯ ಕೇಸರಿ ಮರೆತಿದ್ದೆ. ಕಾಶ್ಮೀರದ ಕೇಸರಿಗೆ 2020ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಆ ಮುದ್ರೆ ಇರುವ ಡಬ್ಬಿಯನ್ನೇ ಕೊಳ್ಳು. ಕ್ಯಾಬಿನಿನ ಕಿಟಕಿಗೆ ಬಂದು ಅಗ್ಗಕ್ಕೆ ಕೊಡುವವರ ಹತ್ತಿರ ಬೇಡ. ಅನುಮಾನವಿದ್ದರೆ ಎರಡು ಎಳೆ ತಣ್ಣೀರಿಗೆ ಹಾಕು. ನಿಜವಾದದ್ದು ನಿಧಾನವಾಗಿ ಹಳದಿ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಬಣ್ಣ ಹಾಕಿದ್ದು ಕೂಡಲೇ ನೀರನ್ನು ಕೆಂಪು ಮಾಡಿ ತಾನು ಬಿಳಿಚಿಕೊಳ್ಳುತ್ತದೆ. ದುಡ್ಡು ಸಾಲದಿದ್ದರೆ ಅಕ್ರೋಟು ತೆಗೆದುಕೊಂಡು ಹೋಗು. ಸೆಪ್ಟೆಂಬರಿನಲ್ಲಿ ಬಡಿದ ಹೊಸ ಮಾಲು ಆಗ ಸಿಗುತ್ತದೆ, ಅಂಗಡಿಯವನ ಎದುರಿಗೇ ನಾಲ್ಕು ಒಡೆದು ನೋಡಿ ಕೊಳ್ಳಬಹುದು.